ಎದ್ದು ಹೋದ ಮಾರನೆಯ ದಿನ

ಜೂನ್ ೮

ಪಂಡಿತರೇ,

ನೀನು ಬಸ್ಸು ಹತ್ತಿದ ಮೇಲೆ ಮನೆ ಬಣಗುಡುತ್ತಿದೆ ಎಂದು ಬರೆದರೆ ನೀನು ಉಬ್ಬಿಹೋಗುತ್ತೀಯ. ಆದ್ದರಿಂದ ಬರೆಯುವುದಿಲ್ಲ. ನೀನು ಮರೆತುಹೋದ ಛತ್ರಿಯನ್ನು ನಿನ್ನ ಭಾವ ತಮ್ಮದು ಮಾಡಿಕೊಂಡಿದ್ದಾರೆ. ಇನ್ನು ಮೇಲೆ ಹಾಸ್ಟೆಲಿಗೆ ನಾನು ಫೋನು ಮಾಡುವುದಿಲ್ಲ. ನಿನ್ನನ್ನು ಕರೆಸುವಷ್ಟರಲ್ಲಿ ಆ ವಾರ್ಡನ್ ನನ್ನ ಪೂರ್ವಾಪರ ಎಲ್ಲ ವಿಚಾರಿಸುತ್ತಾನೆ. ನೀನು ಬಂದರೆ 'ಹೂಂ', 'ಊಹೂಂ' ಬಿಟ್ಟು ಮೂರನೆಯ ಮಾತಿಲ್ಲ. ಕಾಗದದಲ್ಲಾದರೂ ನಿನ್ನ ಬಾಯಿ ಬಿಡಿಸೋಣ ಎಂದುಕೊಂಡಿದ್ದೇನೆ.

ಮೊನ್ನೆ ನಿನ್ನ ಭಾವ ಲಾರಿ ಆಫೀಸಿನಿಂದ ಬಂದವರೇ ಚಪ್ಪಲಿ ಬಿಡುತ್ತಾ, "ನಿನ್ನ ತಮ್ಮ ಇತಿಹಾಸ, ರಾಜಕೀಯ ಅಂತ ಓದ್ತಾನಲ್ಲ, ಮುಗಿಸಿದ ಮೇಲೆ ಯಾವ ರಾಜನ ಆಸ್ಥಾನಕ್ಕೆ ಅರ್ಜಿ ಹಾಕ್ತಾನಂತೆ?" ಅಂದರು. "ರಾಜರೆಲ್ಲ ಹೋಗಿ ಎಷ್ಟೋ ಕಾಲ ಆಯ್ತು. ಈಗ ಓಟು ಇರೋರೇ ರಾಜರು, ನೀವೂ ಒಬ್ಬ ರಾಜ" ಅಂದೆ. "ಹಾಗಾದ್ರೆ ರಾಜನಿಗೆ ಒಂದು ಲೋಟ ಟೀ ಆಗಲಿ" ಅಂದರು. ಟೀ ಇಟ್ಟೆ.

ಶಾಲೆ ಶುರುವಾಗುವ ಕಾಲ. ಅಂಗಡಿಯಲ್ಲಿ ಯೂನಿಫಾರಂ ಬಟ್ಟೆಯ ರಾಶಿ ಸೊಂಟದ ತನಕ ಬಂದಿದೆ. ನಮ್ಮ ದರ್ಜಿ ಸಾಲಿನಲ್ಲಿ ಎಲ್ಲ ಅಂಗಡಿಯ ಮಷಿನ್ನೂ ಒಟ್ಟಿಗೆ ಓಡುವಾಗ ಬೀದಿಗೆ ಬೀದಿಯೇ ಗಡಗಡ ಅನ್ನುತ್ತದೆ. ಕಾಜಾ ಹಾಕಿ ಗುಂಡಿ ಹೊಲಿಯುವ ನಮ್ಮ ಗುಂಡಿ ಅಜ್ಜಿಗೆ ಕಣ್ಣು ಮಂಜಾಗುತ್ತಿದೆ, ಆದರೂ ಬಿಳಿ ಅಂಗಿಗೆ ಬಿಳಿ ಗುಂಡಿಯನ್ನು ಬೆರಳಿನಲ್ಲೇ ತಡವಿ ಹಚ್ಚುತ್ತಾಳೆ.

ಈಗ ಪುರಸಭೆಯ ವಿಷಯ. ನಿನಗೆ ಗೊತ್ತಲ್ಲ, ಅಳತೆ ಕೊಡಲು ಬಂದ ಹೆಂಗಸರೆಲ್ಲ "ನೀನೇ ನಿಂತ್ಕೋ, ನಮ್ಮ ಕಷ್ಟ ನಿನಗಿಂತ ಯಾರಿಗೆ ಗೊತ್ತು" ಎಂದು ನನ್ನನ್ನು ನಿಲ್ಲಿಸಿ ಗೆಲ್ಲಿಸಿದರು. ಗೆದ್ದ ಮೇಲೆ ಗೊತ್ತಾಯಿತು, ಆ ಕುರ್ಚಿಯಲ್ಲಿ ಕೂರುವುದಕ್ಕಿಂತ ಮಷಿನ್ನಿನ ಮುಂದಿನ ಸ್ಟೂಲೇ ವಾಸಿ. ಕುಡಿಯುವ ನೀರಿನ ಪೈಪಿನ ಕೆಲಸ ನಿಂತು ವರ್ಷವಾಯಿತು. ಪ್ರತಿ ಸಭೆಯಲ್ಲಿ ಕೂಗಾಟ, ಮೇಜು ಕುಟ್ಟುವುದು, ಮುಂದೂಡುವುದು. ಈಗ ಅಧ್ಯಕ್ಷರು ಒಂದು ಠರಾವು ತರುತ್ತಾರಂತೆ. ನೀರಿನ ಯೋಜನೆ ಮುಗಿಯುವ ತನಕ ಪುರಸಭೆಯ ಅಧಿಕಾರವನ್ನೆಲ್ಲ ಒಬ್ಬ ಆಡಳಿತಾಧಿಕಾರಿಗೆ ಒಪ್ಪಿಸುವುದು, ಸದಸ್ಯರೆಲ್ಲ ಮನೆಗೆ ಹೋಗುವುದು. ಊರಿನಲ್ಲಿ ಎಲ್ಲರಿಗೂ ಸಂತೋಷ. ನಿಜ ಹೇಳಲೇ? ನನಗೂ ಸ್ವಲ್ಪ ಸಂತೋಷವೇ. ಒಬ್ಬ ಓದಿದ ಅಧಿಕಾರಿ ಬಂದು ನೀರು ಬಿಟ್ಟರೆ ನನ್ನ ಗಂಟೇನು ಹೋಗುತ್ತದೆ?

ನಿನ್ನ ಪುಸ್ತಕಗಳು ಏನನ್ನುತ್ತವೆ, ಬರೆ. ಎಣ್ಣೆ ಹಚ್ಚಿಕೊಳ್ಳದೆ ತಲೆ ಕಾಯಿಸಿಕೊಳ್ಳಬೇಡ.

ಅಕ್ಕ

*

ಜೂನ್ ೧೯

ಅಕ್ಕಾ,

ನಿನ್ನ ಕಾಗದವನ್ನು ಊಟದ ಮನೆಯ ಸಾಲಿನಲ್ಲಿ ನಿಂತು ಓದಿದೆ. ಓದುತ್ತಾ ಸಾಲು ತಪ್ಪಿ ಕೊನೆಗೆ ಹೋದೆ, ನನ್ನ ಪಾಲಿಗೆ ತಳ ಹಿಡಿದ ಅನ್ನ ಬಂತು. ಇದನ್ನು ನಿನ್ನ ಲೆಕ್ಕಕ್ಕೆ ಬರೆದುಕೋ.

ಭಾವನಿಗೆ ಹೇಳು, ಆಸ್ಥಾನ ಇನ್ನೂ ಗೊತ್ತಾಗಿಲ್ಲ. ನಮ್ಮ ವಿಭಾಗದಲ್ಲಿ ಈ ವರ್ಷ ಎಷ್ಟು ಕಡಿಮೆ ಜನ ಸೇರಿದ್ದಾರೆಂದರೆ ನಮ್ಮ ಕೋಣೆಯನ್ನು ಕಂಪ್ಯೂಟರ್ ಕಲಿಸುವವರಿಗೆ ಕೊಟ್ಟು, ನಮ್ಮನ್ನು ಗ್ರಂಥಾಲಯದ ಹಿಂದಿನ ಮೂಲೆಗೆ ಕಳಿಸಿದ್ದಾರೆ. ಮೇಷ್ಟ್ರು ಪಾಠ ಮಾಡುವಾಗ ಪಕ್ಕದಲ್ಲಿ ಹಳೆಯ ಕುರ್ಚಿಗಳನ್ನು ಪೇರಿಸುವ ಸದ್ದು ಕೇಳುತ್ತಿರುತ್ತದೆ.

ನಿನ್ನ ಠರಾವಿನ ವಿಷಯ ಓದಿ ಮಾತ್ರ ನನಗೆ ನಗು ಬರಲಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ? 'ನೀರಿನ ಯೋಜನೆ ಮುಗಿಯುವ ತನಕ' ಎಂದು ಬರೆದಿದ್ದೀಯ. ಮುಗಿಯಿತು ಎಂದು ಹೇಳುವವರು ಯಾರು? ಆ ಅಧಿಕಾರಿಯೇ ತಾನೆ? ತಾನು ಎದ್ದು ಹೋಗಬೇಕಾದ ದಿನವನ್ನು ತಾನೇ ಗೊತ್ತುಮಾಡು ಎಂದು ಯಾರಿಗಾದರೂ ಹೇಳಿದರೆ ಅವನು ಯಾವ ದಿನ ಗೊತ್ತುಮಾಡುತ್ತಾನೆ? ಎಷ್ಟೋ ದೇಶಗಳಲ್ಲಿ ಇದೇ ಆಗಿದೆ ಅಕ್ಕ. ಮೊದಲು ಯಾವುದೋ ಒಂದು ಕಷ್ಟ ಬರುತ್ತದೆ, ಆ ಕಷ್ಟ ನಿಜವಾದದ್ದೇ ಇರುತ್ತದೆ. ಮಾತಾಡುವವರು ಬಹಳ, ಮಾಡುವವರಿಲ್ಲ ಎಂದು ಜನ ಬೇಸತ್ತಿರುತ್ತಾರೆ. 'ಸ್ವಲ್ಪ ದಿನಕ್ಕೆ ಮಾತ್ರ' ಎಂದು ಒಬ್ಬನ ಕೈಗೆ ಬೀಗದ ಕೈ ಕೊಡುತ್ತಾರೆ.

ಇನ್ನೊಂದು ವಿಷಯ. ದರ್ಜಿ ಸಾಲನ್ನು ಒಡೆದು ರಸ್ತೆ ಅಗಲ ಮಾಡುವ ಕಡತ ಹೋದ ವರ್ಷ ಪುರಸಭೆಗೆ ಬಂದಿತ್ತಲ್ಲ? ನೀವೆಲ್ಲ ಕೂಗಾಡಿ ಅದನ್ನು ತಳ್ಳಿಹಾಕಿದಿರಿ. ಕೂಗಾಡಲು ಸಭೆಯೇ ಇಲ್ಲದಿದ್ದರೆ ಆ ಕಡತಕ್ಕೆ ಒಂದು ರುಜು ಸಾಕು. ಠರಾವು ಗೆಲ್ಲಲು ಎಷ್ಟು ಜನ ಬೇಕು, ವಿಚಾರಿಸು.

ನಿನ್ನ ತಮ್ಮ

*

ಜುಲೈ ೩

ತಮ್ಮಾ,

ಆ ಕಡತದ ವಿಷಯ ನನಗೆ ಹೊಳೆದೇ ಇರಲಿಲ್ಲ. ನಿನ್ನ ಕಾಗದ ಓದಿ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ.

ಪುರಸಭೆಯ ಕಚೇರಿಗೆ ಹೋಗಿ ಠರಾವಿನ ಪ್ರತಿ ಕೇಳಿದೆ. ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, "ನಿಮಗ್ಯಾಕಮ್ಮ ಇದೆಲ್ಲ, ಕೈ ಎತ್ತೋ ದಿನ ಹೇಳ್ತೀವಿ" ಅಂದ. "ಕೈ ಯಾಕೆ ಎತ್ತುತ್ತೀನಿ ಅಂತ ಗೊತ್ತಾಗಬೇಕಲ್ಲಪ್ಪ" ಅಂದೆ. ಕೊಟ್ಟ. ನೀನು ಬರೆದ ಹಾಗೆಯೇ ಇದೆ. ದಿನ ಇಲ್ಲ, ತಾರೀಖು ಇಲ್ಲ. 'ಯೋಜನೆ ತೃಪ್ತಿಕರವಾಗಿ ಮುಗಿಯುವವರೆಗೆ' ಎಂದಿದೆ. ಯಾರಿಗೆ ತೃಪ್ತಿಯಾಗಬೇಕೋ ಬರೆದಿಲ್ಲ.

ಗೆಲ್ಲಲು ಮೂರರಲ್ಲಿ ಎರಡು ಪಾಲು ಸದಸ್ಯರು ಬೇಕಂತೆ. ನಾವಿರುವುದು ಇಪ್ಪತ್ತೊಂದು ಜನ, ಹದಿನಾಲ್ಕು ಕೈ ಏಳಬೇಕು. ಮನೆ ಮನೆ ಅಲೆದು ನೋಡಿದೆ. ಹದಿಮೂರು ಜನ ಗಟ್ಟಿಯಾಗಿ ಅವರ ಕಡೆ. ಉಳಿದವರಲ್ಲಿ ಟೀ ಅಂಗಡಿಯವರೂ, ಪೆನ್ಶನ್ ಆದ ಅಂಚೆಯಣ್ಣನೂ ನನ್ನ ಜೊತೆ ನಿಲ್ಲುತ್ತೇವೆ ಅಂದಿದ್ದಾರೆ. ಬೇರೆಯವರು ವಿರೋಧವೇ, ಆದರೆ ಬಾಯಿ ಬಿಡುವುದಿಲ್ಲ. ಒಂದು ಕೈ ಅವರಿಗೆ ಕಡಿಮೆ ಇದೆ, ತಮ್ಮಾ. ಒಂದೇ ಒಂದು ಕೈ.

ಅದಕ್ಕೇ ಎಲ್ಲರೂ ನನ್ನ ಹಿಂದೆ ಬಿದ್ದಿದ್ದಾರೆ. ಅಧ್ಯಕ್ಷರು ತಮ್ಮ ಮಗಳ ಫ್ರಾಕಿನ ನೆಪ ಮಾಡಿ ಅಂಗಡಿಗೇ ಬಂದರು. ಸ್ಟೂಲ್ ಮೇಲೆ ಕೂತು ಟೇಪು ಸುತ್ತುತ್ತಾ, "ಊರಿಗೆ ನೀರು ಬೇಡ ಅಂದವಳು ಅಂತ ಅನ್ನಿಸಿಕೊಳ್ತೀಯ ತಾಯಿ, ಯೋಚನೆ ಮಾಡು" ಅಂದರು. ಅಜ್ಜಿ ಮೂಲೆಯಿಂದಲೇ, "ಫ್ರಾಕಿನ ಅಳತೆ ಕೊಡೋದಿದ್ರೆ ಕೊಡು, ಮಾತಿನ ಅಳತೆ ಆಮೇಲೆ" ಅಂದಳು. ಅವರು ನಕ್ಕರು, ಆದರೆ ನಗು ಕಣ್ಣಿಗೆ ಬರಲಿಲ್ಲ.

ನನಗೆ ಭಯವಾಗುತ್ತಿದೆ ಎಂದು ನಿನ್ನ ಮುಂದೆ ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ. ಸಭೆಯಲ್ಲಿ ಎದ್ದು ನಿಂತರೆ ನನ್ನ ನಾಲಿಗೆ ಒಣಗುತ್ತದೆ. ಒಂದು ಸಲ 'ಮಾನ್ಯ ಅಧ್ಯಕ್ಷರೇ' ಎನ್ನುವ ಬದಲು 'ಮಾನ್ಯ ಅಂಗಡಿಯವರೇ' ಅಂದುಬಿಟ್ಟಿದ್ದೆ, ಈಗಲೂ ಆಡಿಕೊಳ್ಳುತ್ತಾರೆ. ಹಿಂದಿನವರು ಇಂಥ ಹೊತ್ತಿನಲ್ಲಿ ಏನು ಮಾಡಿದರು? ಅದನ್ನು ಓದಲಿಕ್ಕೇ ಅಲ್ಲವೇ ನೀನು ಹೋಗಿರುವುದು? ಬೇಗ ಬರೆ. ಸಭೆ ಆಗಸ್ಟ್ ಮೊದಲ ವಾರ.

ಅಕ್ಕ

*

ಜುಲೈ ೧೪

ಅಕ್ಕಾ,

ಕಿರುಪರೀಕ್ಷೆ ಹತ್ತಿರ ಬಂದಿದೆ, ಆದರೂ ನಿನ್ನ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಕೇಳು, ನಿನಗೆ ಹೇಳಿ ಮಾಡಿಸಿದಂಥ ಒಂದು ಪ್ರಸಂಗ ಸಿಕ್ಕಿದೆ.

ನಮಗಿಂತ ಹಿಂದಿನ ಕಾಲದಲ್ಲಿ, ಬೇರೆ ಒಂದು ದೇಶದ ಜನಸಭೆಯಲ್ಲಿ ಇಂಥದ್ದೇ ಒಂದು ಮಸೂದೆ ಬಂತು. ವಿರೋಧ ಮಾಡುವವರಿಗೆ ಮಾತಾಡಲು ಬಿಡಲಿಲ್ಲ, ಎದ್ದರೆ ಕೂಗಿ ಕೂರಿಸಿದರು. ಆಗ ಅವರಲ್ಲಿ ಒಬ್ಬ ಮುದುಕ, ಜೀವಮಾನದಲ್ಲಿ ಸಭೆಯಲ್ಲಿ ಒಂದು ಮಾತೂ ಆಡದವನು, ಎದ್ದು ತನ್ನ ಟೋಪಿ ತೆಗೆದುಕೊಂಡು ಬಾಗಿಲ ಕಡೆ ನಡೆದ. ಅವನ ಹಿಂದೆ ಇನ್ನೊಬ್ಬ ಎದ್ದ, ಆಮೇಲೆ ಮತ್ತೊಬ್ಬ. ಒಬ್ಬರ ಬಾಯಿಂದಲೂ ಮಾತಿಲ್ಲ, ಬೂಟಿನ ಸದ್ದು ಮಾತ್ರ. ಹೊರಗೆ ಕಾದಿದ್ದ ಜನ ಅವರನ್ನು ಹೆಗಲ ಮೇಲೆ ಹೊತ್ತು ಬೀದಿ ತುಂಬ ಮೆರೆಸಿದರು. 'ಆಳುವವರ ಕುರ್ಚಿ ನಡುಗಿದ ದಿನ' ಎಂದು ಅದನ್ನು ಕರೆಯುತ್ತಾರೆ. ಓದುವಾಗ ನನ್ನ ಮೈ ಜುಮ್ಮೆಂದಿತು.

ನಿನಗೆ ಮಾತು ಬಾರದಿದ್ದರೆ ಏನಂತೆ? ಕಾಲು ಇದೆಯಲ್ಲ. ಅವರು ಠರಾವು ಓದಿದ ಕೂಡಲೇ ನೀನು ಎದ್ದುಬಿಡು. ಏನೂ ಹೇಳಬೇಡ. ನಿನ್ನ ಚೀಲ ತೆಗೆದುಕೊಂಡು ತಲೆ ಎತ್ತಿ ನಡೆದು ಹೋಗು. ಆ ಇಬ್ಬರಿಗೂ ಹಾಗೇ ಮಾಡಲು ಹೇಳು. ಹದಿನಾಲ್ಕು ಕೈ ಅವರಿಗೆ ಹೇಗೂ ಇಲ್ಲ. ನೀವು ನಡೆದು ಹೋದದ್ದನ್ನು ಮಾತ್ರ ಊರು ಮರೆಯುವುದಿಲ್ಲ.

ನಾನು ಅಲ್ಲಿದ್ದಿದ್ದರೆ ಬಾಗಿಲ ಹೊರಗೆ ನಿಂತು ಮೊದಲ ಚಪ್ಪಾಳೆ ಹೊಡೆಯುತ್ತಿದ್ದೆ.

ಹೆಮ್ಮೆಯಿಂದ, ನಿನ್ನ ತಮ್ಮ

*

ಆಗಸ್ಟ್ ೫, ಅಂಚೆ ಕಚೇರಿಯ ಮೆಟ್ಟಿಲ ಮೇಲೆ

ತಮ್ಮಾ! ನಡೆದುಬಿಟ್ಟೆ!

ಮಡಿಲ ಮೇಲೆ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ. ಗುಮಾಸ್ತ ಠರಾವು ಓದಿ ಮುಗಿಸಿದ. ನಾನು ಚೀಲ ಎತ್ತಿಕೊಂಡು ಎದ್ದೆ. ತಲೆ ಎತ್ತಿ ಬಾಗಿಲ ಕಡೆ ನಡೆದೆ. ಟೀ ಅಂಗಡಿಯವರು ಎದ್ದರು, ಅಂಚೆಯಣ್ಣ ಕೋಲು ಊರಿಕೊಂಡು ಎದ್ದ. ಹೊರಗೆ ದರ್ಜಿ ಸಾಲಿನವರೆಲ್ಲ ನಿಂತಿದ್ದರು. ಚಪ್ಪಾಳೆ ಹೊಡೆದರು. ಅಜ್ಜಿ ನನ್ನ ಎರಡೂ ಕೆನ್ನೆ ಹಿಡಿದು, "ನನ್ನ ಹೊಟ್ಟೇಲಿ ಹುಟ್ಟಬಾರದಿತ್ತಾ ನೀನು" ಅಂದಳು. ನನಗೆ ಅಳು ಬಂತು. ಮದುವೆಯಾದ ದಿನವೂ ನಾನು ಇಷ್ಟು ಸಂತೋಷಪಟ್ಟಿರಲಿಲ್ಲ, ಇದನ್ನು ನಿನ್ನ ಭಾವನಿಗೆ ಹೇಳಬೇಡ.

ಒಳಗೆ ಇನ್ನೂ ಮತ ಎಣಿಸುತ್ತಿದ್ದಾರೆ. ಎಣಿಸಿಕೊಳ್ಳಲಿ. ನಿನ್ನ ಭಾವ ಜನರ ಬೆಂಚಿನಲ್ಲಿ ಕೂತಿದ್ದಾರೆ, ಬಂದು ಹೇಳುತ್ತಾರೆ. ಅಷ್ಟರೊಳಗೆ ಇದನ್ನು ಡಬ್ಬಕ್ಕೆ ಹಾಕುತ್ತೇನೆ. ನೀನು ಓದಿದ್ದು ಸಾರ್ಥಕವಾಯಿತು ಕಣೋ.

ಅಕ್ಕ

*

ಆಗಸ್ಟ್ ೯

ಚಿರಂಜೀವಿಗೆ,

ನಿನ್ನ ಅಕ್ಕ ಬರೆಯುವ ಸ್ಥಿತಿಯಲ್ಲಿಲ್ಲ, ಆದ್ದರಿಂದ ನಾನು ಬರೆಯುತ್ತಿದ್ದೇನೆ. ನನಗೆ ಕಾಗದ ಬರೆದು ರೂಢಿಯಿಲ್ಲ, ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಠರಾವು ಗೆದ್ದಿದೆ.

ಅವರು ಮೂವರೂ ಹೊರಗೆ ಹೋದ ಮೇಲೆ ಅಧ್ಯಕ್ಷರು ಗುಮಾಸ್ತನಿಗೆ ನಿಯಮ ಓದಲು ಹೇಳಿದರು. ಬೇಕಾದದ್ದು ಒಟ್ಟು ಸದಸ್ಯರ ಮೂರರಲ್ಲಿ ಎರಡು ಪಾಲಲ್ಲ. ಮತ ಹಾಕುವ ಹೊತ್ತಿಗೆ ಸಭೆಯಲ್ಲಿ ಹಾಜರಿರುವವರ ಮೂರರಲ್ಲಿ ಎರಡು ಪಾಲು. ಎಲ್ಲರೂ ಕೂತಿದ್ದರೆ ಹದಿನಾಲ್ಕು ಬೇಕಾಗುತ್ತಿತ್ತು. ಮೂವರು ಎದ್ದ ಮೇಲೆ ಉಳಿದದ್ದು ಹದಿನೆಂಟು, ಹನ್ನೆರಡು ಸಾಕಾಯಿತು. ಅವರ ಹತ್ತಿರ ಹದಿಮೂರಿತ್ತು. ಇವರು ಸುಮ್ಮನೆ ಕೂತಿದ್ದರೆ ಬಿದ್ದುಹೋಗುತ್ತಿತ್ತು. ಬಾಯಿ ಬಿಡಬೇಕಾಗಿಯೂ ಇರಲಿಲ್ಲ.

ನಿನ್ನ ಅಕ್ಕ ಎದ್ದಾಗ ಅಧ್ಯಕ್ಷರು ತಡೆಯಲಿಲ್ಲ. ಬಾಗಿಲು ತೆಗೆದು ಹಿಡಿ ಎಂದು ಜವಾನನಿಗೆ ಸನ್ನೆ ಮಾಡಿದರು. ಅದನ್ನು ನಾನು ನೋಡಿದೆ. ಏನೋ ಸರಿಯಿಲ್ಲ ಅನ್ನಿಸಿತು, ಏನೆಂದು ತಿಳಿಯಲಿಲ್ಲ. ತಿಳಿದಿದ್ದರೆ ಬೆಂಚು ಹಾರಿ ಹೋಗಿ ಅವಳ ಕೈ ಹಿಡಿದು ಕೂರಿಸುತ್ತಿದ್ದೆ.

ಅವಳು ನಿನಗೆ ಕಾಗದ ಹಾಕಿ ತಿರುಗಿ ಬಂದು ನಿಂತಿದ್ದಳು, ಹೊರಗೆ ಬಂದು ನಾನೇ ಅವಳಿಗೆ ಹೇಳಬೇಕಾಯಿತು. ಜನ ಇನ್ನೂ ಚಪ್ಪಾಳೆ ಹೊಡೆಯುತ್ತಿದ್ದರು. ಅವಳು, "ತಮ್ಮನಿಗೆ ಕಾಗದ ಹಾಕಿಬಿಟ್ಟೆನಲ್ಲ" ಅಂದಳು. ಅಂಚೆ ಕಚೇರಿಗೆ ಓಡಿದಳು. ಡಬ್ಬ ಆಗಲೇ ಖಾಲಿ ಮಾಡಿದ್ದರು.

ನಿನ್ನ ಮೇಲೆ ನಾನು ಏನೂ ಹೇಳುವುದಿಲ್ಲ. ಚೆನ್ನಾಗಿ ಓದಿಕೋ.

ಇಂತಿ, ನಿನ್ನ ಭಾವ

*

ಆಗಸ್ಟ್ ೨೯

ಅಕ್ಕಾ,

ನಿನ್ನ ಕಾಗದವೂ ಭಾವನ ಕಾಗದವೂ ಒಂದೇ ದಿನ ನನ್ನ ಕೈಗೆ ಬಂದವು. ನಾನು ಮೊದಲು ಒಡೆದದ್ದು ನಿನ್ನದನ್ನು. ಖುಷಿಯಲ್ಲಿ ಗೆಳೆಯರಿಗೆಲ್ಲ ಜೋರಾಗಿ ಓದಿ ಹೇಳಿದೆ. ಆಮೇಲೆ ಇನ್ನೊಂದನ್ನು ಒಡೆದೆ.

ಹಿಂದೆ ಎರಡು ಕಾಗದ ಬರೆದಿದ್ದೆ, ಭಾವನ ಕ್ಷೇಮ ಕೇಳಿ, ಅಂಗಡಿಯ ಕ್ಷೇಮ ಕೇಳಿ. ಮುಖ್ಯವಾದದ್ದನ್ನು ಬರೆಯಲು ಧೈರ್ಯವಾಗಿರಲಿಲ್ಲ. ಈಗ ಬರೆಯುತ್ತೇನೆ. ನೀನು ಬೈದರೂ ಸರಿ, ಆದರೆ ಉತ್ತರ ಬರೆ.

ನಮ್ಮ ಮೇಷ್ಟ್ರ ಹತ್ತಿರ ಹೋಗಿದ್ದೆ. ಅವರ ಕೋಣೆಯನ್ನೂ ಖಾಲಿ ಮಾಡಿಸಿದ್ದಾರೆ, ಪುಸ್ತಕಗಳ ಕಟ್ಟುಗಳ ನಡುವೆ ಒಂದು ಮುರುಕು ಕುರ್ಚಿಯಲ್ಲಿ ಕೂತಿದ್ದರು. ಎಲ್ಲ ಹೇಳಿದೆ. ಅವರು ರೇಗಲಿಲ್ಲ.

"ಆ ಪ್ರಸಂಗ ಎಲ್ಲಿ ಓದಿದೆ?" ಅಂದರು.

"ಗೈಡಲ್ಲಿ ಸಾರ್."

"ಮಾರನೆ ದಿನ ಏನಾಯ್ತು ಅಂತ ಅದರಲ್ಲಿತ್ತಾ?"

"ಇಲ್ಲ ಸಾರ್. 'ಸಭಾತ್ಯಾಗದ ಮಹತ್ವ' ಅಂತ ಐದು ಅಂಶ ಕೊಟ್ಟು ಮುಗಿಸಿದ್ರು. ಪರೀಕ್ಷೆಗೆ ಅಷ್ಟೇ ಬರೋದು."

ಅವರು ಎದ್ದು ಒಂದು ಕಟ್ಟಿನ ಹುರಿ ಬಿಚ್ಚಿ, ಇಟ್ಟಿಗೆಯಷ್ಟು ದಪ್ಪದ ಪುಸ್ತಕ ತೆಗೆದು ಕೊಟ್ಟರು. "ಓದು. ಜೋರಾಗಿ ಓದು, ನಾನೂ ಕೇಳಿ ಬಹಳ ದಿನ ಆಯ್ತು" ಅಂದರು.

ಓದಿದೆ, ಅಕ್ಕ. ಆ ಮುದುಕನನ್ನು ಹೆಗಲ ಮೇಲೆ ಹೊತ್ತು ಮೆರೆಸಿದ ಮಾರನೆಯ ದಿನ ಬೆಳಿಗ್ಗೆ, ಒಳಗೆ ಉಳಿದವರು ಮತ್ತೆ ಸೇರಿದರು. ಬೇಡ ಎನ್ನಲು ಒಬ್ಬರೂ ಇರಲಿಲ್ಲ. ಎರಡು ವರ್ಷ ಒದ್ದಾಡಿದರೂ ಆಗದಿದ್ದದ್ದನ್ನೆಲ್ಲ ಅವರು ಊಟದ ಹೊತ್ತಿನೊಳಗೆ ಮುಗಿಸಿದರು. ಪತ್ರಿಕೆಗಳಿಗೆ ಬೀಗ ಹಾಕಿದರು. ಚುನಾವಣೆ ಮುಂದೂಡಿದರು. ಎದ್ದು ಹೋದವರು ತಿರುಗಿ ಬಂದಾಗ ಕಾವಲುಗಾರ ಬಾಗಿಲು ತೆಗೆಯಲಿಲ್ಲ. ಅವರಲ್ಲಿ ಕೆಲವರು ಆ ಬಾಗಿಲು ಮತ್ತೆ ತೆರೆಯುವುದನ್ನು ನೋಡದೆಯೇ ಸತ್ತರು.

ನಾನು ಓದುತ್ತಿದ್ದರೆ ಮೇಷ್ಟ್ರು ಕಣ್ಣು ಮುಚ್ಚಿ ಕೂತಿದ್ದರು. ಮುಗಿದ ಮೇಲೆ, "ಎದ್ದು ಹೋಗಿ ಗೆದ್ದವರೂ ಇದ್ದಾರಪ್ಪ. ಯಾವಾಗ ಏಳಬೇಕು, ಯಾವಾಗ ಜಪ್ಪಯ್ಯ ಅಂದ್ರೂ ಏಳಬಾರದು ಅಂತ ತಿಳಿಯೋಕೇ ಇಷ್ಟು ದಪ್ಪ ಪುಸ್ತಕ ಇರೋದು. ಹಿಂದೆ ಎಲ್ಲ ಓದಿಸ್ತಿದ್ದೆ. ಈಗ ಗೈಡು ಸಾಕು ಅಂದ್ರು, ನಾನೂ ಸುಮ್ಮನಾದೆ" ಅಂದರು.

ಅಡುಗೆ ಆದ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು ನನ್ನ ಬುದ್ಧಿ. ನಿನ್ನ ಕೈಯಲ್ಲಿ ಒಂದು ಮತ ಇತ್ತು. ಅದನ್ನು ನಾನು ಕಿತ್ತು ಅವರಿಗೆ ಕೊಟ್ಟೆ. ಕುರ್ಚಿಯಲ್ಲಿ ಕೂತಿರು ಎಂದು ಬರೆದಿದ್ದರೆ ಸಾಕಾಗಿತ್ತು. ಆದರೆ ಕೂತಿರುವುದರಲ್ಲಿ ಮೈ ಜುಮ್ಮೆನ್ನುವಂಥದ್ದು ಏನೂ ಇರಲಿಲ್ಲ.

ಒಂದು ಸಾಲಾದರೂ ಬರೆ.

ತಮ್ಮ

*

ಅಕ್ಟೋಬರ್ ೧೧

ಅಕ್ಕಾ,

ನೀನು ಬರೆಯಲಿಲ್ಲ. ಹಾಸ್ಟೆಲಿನಿಂದ ಫೋನು ಮಾಡಿದೆ, ಭಾವ ತೆಗೆದುಕೊಂಡು "ಹೊಲೀತಿದ್ದಾಳೆ" ಅಂದರು. ಅವರ ಬೆನ್ನ ಹಿಂದೆ ಮಷಿನ್ನಿನ ಸದ್ದೇ ಕೇಳುತ್ತಿರಲಿಲ್ಲ.

ನಮ್ಮ ವಿಭಾಗಕ್ಕೆ ಬರುವ ವರ್ಷದಿಂದ ಯಾರನ್ನೂ ಸೇರಿಸಿಕೊಳ್ಳುವುದಿಲ್ಲವಂತೆ. ನೋಟೀಸು ಹಾಕಿದ್ದಾರೆ. ನಾವೇ ಕೊನೆಯವರು. ಕಾರಣ ಕೇಳಲು ಹೋದರೆ, "ಇದನ್ನು ಓದಿ ಏನು ಮಾಡ್ತೀರಿ?" ಎಂದು ನಮ್ಮನ್ನೇ ಕೇಳಿದರು. ಬೇರೆಯವರು ಏನೇನೋ ವಾದ ಮಾಡಿದರು. ನಾನು ಹಿಂದಕ್ಕೆ ಸರಿದು ನಿಂತೆ. ನಾನು ಓದಿ ಏನು ಮಾಡಿದೆ ಎಂದು ನನಗೆ ಗೊತ್ತಿದೆಯಲ್ಲ.

ಇನ್ನು ಓದುವುದಿಲ್ಲ ಎಂದು ತೀರ್ಮಾನ ಮಾಡಿದ್ದೇನೆ. ಭಾವನಿಗೆ ಹೇಳು, ಲಾರಿ ಆಫೀಸಿನಲ್ಲಿ ಏನಾದರೂ ಕೆಲಸವಿದ್ದರೆ ಬರುತ್ತೇನೆ. ಮೂಟೆ ಎಣಿಸುವುದರಲ್ಲಿ ಯಾರಿಗೂ ಕೇಡಾಗುವುದಿಲ್ಲ.

ತಮ್ಮ

*

ಜನವರಿ ೨೭

ತಮ್ಮಾ,

ನಿನ್ನ ಕಾಗದಗಳೆಲ್ಲ ಬಂದಿವೆ. ಓದಿದ್ದೇನೆ. ಬರೆಯಲಿಲ್ಲ, ಏಕೆಂದರೆ ಬರೆದರೆ ಬೈಯುತ್ತಿದ್ದೆ. ಬೈದರೆ ನೀನು ಮುರಿದುಹೋಗುತ್ತೀಯ ಎಂದು ಸುಮ್ಮನಿದ್ದೆ. ಸುಮ್ಮನಿದ್ದರೂ ನೀನು ಮುರಿದೇ ಹೋದೆ ಎಂದ ಮೇಲೆ ಬೈಯುವುದೇ ಮೇಲು.

ಮೊದಲು ಊರಿನ ಸುದ್ದಿ. ಸುಳ್ಳು ಹೇಳಬಾರದು, ನೀರು ಬಂತು. ಅಧಿಕಾರಿ ಬಂದ ಎರಡನೆಯ ತಿಂಗಳೇ ದೊಡ್ಡ ರಸ್ತೆಯ ನಲ್ಲಿಗಳಲ್ಲಿ ನೀರು ಬಂತು. ಜನ ಬಿಂದಿಗೆ ತುಂಬಿಸಿಕೊಂಡು ಅವನನ್ನು ಹೊಗಳಿದರು. ನಾನೂ ಹೋಗಿ ಒಂದು ಬಿಂದಿಗೆ ತಂದೆ, ಏನು ಮಾಡಲಿ, ಬಾಯಾರಿಕೆಗೆ ಅಭಿಮಾನವಿಲ್ಲ. ಹಿಂದಿನ ಬೀದಿಗಳಿಗೆ ಇನ್ನೂ ಬಂದಿಲ್ಲ. ಅದಕ್ಕೇ ಯೋಜನೆ ಮುಗಿದಿಲ್ಲವಂತೆ, ಮುಗಿಯದ್ದರಿಂದ ಅವನು ಹೋಗುವ ಹಾಗಿಲ್ಲವಂತೆ. ನೀನು ಜೂನಿನಲ್ಲಿ ಬರೆದದ್ದು ಅಕ್ಷರಶಃ ನಡೆಯಿತು. ಅಷ್ಟು ಸರಿಯಾಗಿ ತಿಳಿದವನು ಒಂದೇ ತಿಂಗಳಲ್ಲಿ ಅಷ್ಟು ತಪ್ಪಾಗಿ ಹೇಗೆ ಹೇಳಿದೆ ಎಂದು ನನಗೆ ಬಹಳ ದಿನ ಬಗೆಹರಿಯಲಿಲ್ಲ.

ಡಿಸೆಂಬರಿನಲ್ಲಿ ದರ್ಜಿ ಸಾಲು ಒಡೆದರು. ಒಂದು ವಾರ ಮುಂಚೆ ಗೋಡೆಗೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದರು. ಕೇಳಲು ಹೋದರೆ ಸಾಹೇಬರು ಮೀಟಿಂಗಿನಲ್ಲಿ. ಯಂತ್ರ ಬಂದ ದಿನ ನಾವೆಲ್ಲ ಮಷಿನ್ನುಗಳನ್ನು ಹೊತ್ತು ರಸ್ತೆಯ ಆಚೆ ಇಟ್ಟೆವು. ನಮ್ಮ ಅಂಗಡಿಯ ಗೋಡೆ ಬೀಳುವಾಗ ಒಳಗೆ ಗೋಡೆಯ ಮೇಲೆ ನಾನು ಪೆನ್ಸಿಲಿನಲ್ಲಿ ಬರೆದಿದ್ದ ಅಳತೆಗಳು ಕಂಡವು. ಎಷ್ಟೋ ಮಕ್ಕಳ ಎದೆ, ತೋಳು, ಉದ್ದ. ಆಮೇಲೆ ಧೂಳು. ಟೀ ಅಂಗಡಿಯವರು ಊರು ಬಿಟ್ಟು ಮಗಳ ಮನೆಗೆ ಹೋದರು. ಅಂಚೆಯಣ್ಣ ನನ್ನನ್ನು ಕಂಡರೆ ಕೋಲು ಊರಿಕೊಂಡು ಬೇರೆ ದಾರಿ ಹಿಡಿಯುತ್ತಾನೆ. ತಪ್ಪು ಅವನದಲ್ಲ, ನಾನು ಕರೆದೆ ಎಂದು ಎದ್ದವನು ಅವನು.

ಈಗ ನಾನು ಮನೆಯ ಮುಂದಿನ ಕೋಣೆಯಲ್ಲೇ ಹೊಲಿಯುತ್ತೇನೆ. ನಿನ್ನ ಮಂಚ ಹೊರಗೆ ಹಾಕಿ ಮಷಿನ್ ಇಟ್ಟಿದ್ದೇನೆ. ಆದ್ದರಿಂದ ನೀನು ಓದು ಬಿಟ್ಟು ಇಲ್ಲಿಗೆ ಬಂದರೆ ಮಲಗಲು ಜಾಗವಿಲ್ಲ. ಲಾರಿ ಆಫೀಸಿನಲ್ಲೂ ಕೆಲಸವಿಲ್ಲ. ನಿನ್ನ ಭಾವನನ್ನು ಕೇಳಿದೆ. ಯಾವ ರಾಜನ ಆಸ್ಥಾನ ಎಂದು ಗೇಲಿ ಮಾಡುತ್ತಿದ್ದವರು, "ಅವನು ಇಲ್ಲಿ ಮೂಟೆ ಎಣಿಸೋಕೆ ಬಂದ್ರೆ ನಾನೇ ಬಾಗಿಲಲ್ಲಿ ನಿಲ್ತೀನಿ, ಒಳಗೆ ಬಿಡಲ್ಲ" ಅಂದರು. ಹೇಳಿ ಮುಖ ತಿರುಗಿಸಿಕೊಂಡರು. ಪುರಸಭೆಯ ನಿಯಮದ ಪುಸ್ತಕವನ್ನು ಎಲ್ಲಿಂದಲೋ ತಂದಿದ್ದಾರೆ, ಊಟವಾದ ಮೇಲೆ ಬೆರಳಿಟ್ಟು ಓದುತ್ತಾರೆ. ಅರ್ಥವಾಗದಿದ್ದರೆ ನನ್ನನ್ನು ಕೇಳುತ್ತಾರೆ, ನನಗೂ ಆಗುವುದಿಲ್ಲ.

ನನಗೆ ಸಿಟ್ಟು ಇದೆ ತಮ್ಮಾ. ಇಲ್ಲ ಎಂದರೆ ಸುಳ್ಳಾಗುತ್ತದೆ. ಕೆಲವು ದಿನ ಪೆಡಲ್ ತುಳಿಯುತ್ತಾ ನಿನ್ನನ್ನು ಮನಸ್ಸಿನಲ್ಲೇ ನಿಲ್ಲಿಸಿಕೊಂಡು ಕೆನ್ನೆಗೆ ಬಾರಿಸುತ್ತೇನೆ. ಆದರೆ ನೀನು ಓದಿದ್ದಕ್ಕೆ ಇದಾಯಿತು ಎಂದು ಬರೆದೆಯಲ್ಲ, ಅದಕ್ಕೆ ಇನ್ನೂ ಎರಡು ಬಾರಿಸಬೇಕು. ಓದಿದ್ದಕ್ಕಲ್ಲ. ಓದಿ ಮುಗಿಸದೆ ಎದ್ದದ್ದಕ್ಕೆ. ನಾನು ಸಭೆಯಿಂದ ಎದ್ದೆ, ನೀನು ಪುಸ್ತಕದಿಂದ ಎದ್ದೆ. ಇಬ್ಬರಿಗೂ ಚಪ್ಪಾಳೆ ಬೇಕಿತ್ತು. ಈಗ ಮತ್ತೆ ಏಳುತ್ತೇನೆ ಅನ್ನುತ್ತೀಯಲ್ಲ, ನಿನಗೆ ಬುದ್ಧಿ ಬರುವುದು ಯಾವಾಗ? ಕೊನೆಯವರು ನಾವು ಎಂದು ಬರೆದಿದ್ದೀಯ. ಕೊನೆಯವರಾದರೆ ಕೊನೆಯ ತನಕ ಕೂತಿರಿ. ಆ ಮೇಷ್ಟ್ರ ಹತ್ತಿರ ಇರುವ ದಪ್ಪ ಪುಸ್ತಕಗಳನ್ನೆಲ್ಲ ಓದು. ಗೈಡನ್ನು ಒಲೆಗೆ ಹಾಕು. ರಜಕ್ಕೆ ಬಂದಾಗ ಇಲ್ಲಿ ನನಗೂ, ನಿನ್ನ ಭಾವನಿಗೂ, ಕೇಳಲು ಬರುವ ಹೆಂಗಸರಿಗೂ ಮೊದಲಿಂದ ಹೇಳಬೇಕು. ಬೇಜಾರಾಗುವ ಭಾಗವನ್ನೂ ಬಿಡದೆ ಹೇಳಬೇಕು. ಅದರಿಂದ ಸಾಲು ತಿರುಗಿ ಬರುವುದಿಲ್ಲ, ನನಗೆ ಗೊತ್ತು. ಚುನಾವಣೆ ಯಾವಾಗಲೋ, ಆಗುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ.

ಇನ್ನು ಒಂದೇ ವಿಷಯ ಇದೆ. ಗುಂಡಿ ಅಜ್ಜಿಯದು.

ನಾನು ಸದಸ್ಯೆಯಾಗಿದ್ದಾಗ ಅವಳು ಅಂಗಡಿಗೆ ಬಂದವಳೇ ಸೂಜಿ ಹಿಡಿಯುವ ಮುಂಚೆ ನನ್ನನ್ನು ಬೈಯುತ್ತಿದ್ದಳು. ತನ್ನ ಬೀದಿಯ ಚರಂಡಿ, ದೀಪ, ನಲ್ಲಿ, ಬೀದಿನಾಯಿ, ಎಲ್ಲದಕ್ಕೂ ನಾನೇ ಹೊಣೆ. "ಓಟು ಹಾಕಿಸ್ಕೊಂಡು ಹೋದೋಳು, ಕಣ್ಣು ಕಾಣಲ್ವಾ ನಿಂಗೆ?" ಎಂದು ಶುರುಮಾಡಿದರೆ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ನಿನಗೆ ಇದನ್ನು ಬರೆದಿರಲಿಲ್ಲ, ದಿನಾ ಆಗುವುದನ್ನು ಯಾರು ಬರೆಯುತ್ತಾರೆ.

ಹೋದ ವಾರ ಅವಳ ಮನೆಯ ಮುಂದೆ ಪೈಪಿಗೆಂದು ಅಗೆದ ಗುಂಡಿಯಲ್ಲಿ ಬಿದ್ದು ಅವಳ ಮಂಡಿ ಒಡೆಯಿತು. ಕುಂಟುತ್ತಾ ಪುರಸಭೆಯ ಕಚೇರಿಗೇ ಹೋದಳಂತೆ. ಗೇಟಿನವನು, "ಏನು ಕೆಲಸ ಅಜ್ಜಿ?" ಅಂದನಂತೆ.

"ಸಾಹೇಬನ್ನ ನೋಡ್ಬೇಕು."

"ಯಾಕೆ?"

"ಬೈಬೇಕು."

ಅವನು ನಕ್ಕು, ಗೋಡೆಗೆ ಹೊಡೆದ ದೂರಿನ ಪೆಟ್ಟಿಗೆ ತೋರಿಸಿದನಂತೆ. ಬರೆದು ಹಾಕಬೇಕಂತೆ. ಅವಳಿಗೆ ಬರೆಯಲು ಬರುವುದಿಲ್ಲ. ಆ ಪೆಟ್ಟಿಗೆಯ ಮುಂದೆ ಸ್ವಲ್ಪ ಹೊತ್ತು ನಿಂತು, ನೇರ ನಮ್ಮ ಮನೆಗೆ ಬಂದಳು. ಮಂಡಿಯ ರಕ್ತ ಒಣಗಿತ್ತು. ಬಿಸಿನೀರಿನಲ್ಲಿ ತೊಳೆದೆ. ಸುಮ್ಮನೆ ಕೂತಿದ್ದಳು. ಅವಳು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದೇ ಇಲ್ಲ. ನನಗೆ ತಡೆಯಲಾಗಲಿಲ್ಲ.

"ಅಜ್ಜೀ, ನಾನಿದ್ದೀನಲ್ಲ, ನನ್ನನ್ನೇ ಬೈಯಿ. ಮೊದಲಿನ ಹಾಗೆ ಬಾಯಿಗೆ ಬಂದ ಹಾಗೆ ಬೈಯಿ" ಅಂದೆ.

ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು.

"ನಿನ್ನ ಬೈದು ಏನು ಬಂತು ಮಗಳೇ," ಅಂದಳು. "ನಿನ್ನ ಕೈಲಿ ಈಗ ಏನೂ ಇಲ್ವಲ್ಲ."

ಅಕ್ಕ